ನಿಂಗೊಬ್ಬಂಗೇ ಎಂತಕ್ಕೆ ಹಂಗಾಗ್ತು?

ಮಾರ್ಚ್ ಹೊತ್ತಿಗೆ ಶಿರಸಿ ಪೇಟೆಗೆ ಅಪ್ಪೆಮಿಡಿ ಬರುತ್ತದೆ, ಅದರ ಜೊತೆ ಸೊನೆಯೂ ಬರುತ್ತದೆ. ನಮ್ಮ ದೊಡ್ಡಮ್ಮ ಬುಟ್ಟಿಗಟ್ಟಲೆ ಮಿಡಿಯನ್ನು ಮುಂದೆ ಹಾಕಿಕೊಂಡು, ತೊಟ್ಟು ಚೂರೇ ಚೂರು ಬಿಟ್ಟು ಮುರಿದು ಉಪ್ಪಿಗೆ ಹಾಕುತ್ತಾಳೆ. ಸೊನೆ ಮೊಣಕೈವರೆಗೆ ಇಳಿದರೂ ಸೆರಗಿಗೆ ಒರೆಸಿಕೊಂಡು ಮುಂದಿನ ಮಿಡಿಗೆ ಕೈ ಹಾಕುತ್ತಾಳೆ. ಏನೂ ಆಗುವುದಿಲ್ಲ. ಅವಳ ಮೈದುನ, ಅಂದರೆ ನನ್ನ ಚಿಕ್ಕಪ್ಪ, ಆ ಬುಟ್ಟಿಯನ್ನು ಜೀಪಿನಿಂದ ಇಳಿಸಿಕೊಟ್ಟರೆ ಸಾಕು. ಎರಡನೇ ದಿನ ಕೆನ್ನೆ ಊದಿ, ಕಣ್ಣು ಅರ್ಧ ಮುಚ್ಚಿ, ಕುತ್ತಿಗೆಯ ಸುತ್ತ ನೀರುಗುಳ್ಳೆ. ದೊಡ್ಡಮ್ಮ ಕೊಬ್ಬರಿ ಎಣ್ಣೆಯ ಬಾಟಲಿ ಅವನ ಮುಂದೆ ಇಟ್ಟು, "ಯಂಗೆಂತೂ ಆಜಿಲ್ಲೆ. ನಿಂಗೊಬ್ಬಂಗೇ ಎಂತಕ್ಕೆ ಹಂಗಾಗ್ತು?" ಅನ್ನುತ್ತಾಳೆ. ನನಗೇನೂ ಆಗಿಲ್ಲ, ನಿನಗೊಬ್ಬನಿಗೇ ಯಾಕೆ ಹಾಗಾಗುತ್ತದೆ ಅಂತ.

ಈ ಪ್ರಶ್ನೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಅದೊಂದು ಸಣ್ಣ ಆರೋಪ ಅಷ್ಟೇ. ಅಗರಬತ್ತಿ ಹಚ್ಚಿದರೆ ತಲೆನೋವು ಅನ್ನುವ ಸೊಸೆ, ಬಟ್ಟೆ ಸೋಪು ಮುಟ್ಟಿದರೆ ಬೆರಳು ಬಿರಿಯುವ ಅತ್ತಿಗೆ, ಹೊಸ ಪೇಂಟಿನ ಮನೆಯ ಗೃಹಪ್ರವೇಶಕ್ಕೆ ಹೋಗಿ ಹೊರಗೆ ಶಾಮಿಯಾನದಲ್ಲೇ ಕೂತು ಊಟ ಮಾಡಿ ಬರುವ ಮಾವ, ಇವರೆಲ್ಲ ಇದನ್ನು ಕೇಳಿದವರೇ. ನಖರಾ, ನಾಜೂಕು, ಡೌಲು ಅಂತ ಒಂದಷ್ಟು ಹೆಸರು ರೆಡಿ ಇರುತ್ತವೆ. ಆದರೆ ಪ್ರಶ್ನೆಯನ್ನು ನಿಜವಾಗಿ ಕೇಳಿದರೆ ಅದು ಬಹಳ ಒಳ್ಳೆಯ ಪ್ರಶ್ನೆ. ಒಂದೇ ಬುಟ್ಟಿ, ಒಂದೇ ಸೊನೆ, ಯಾಕೆ ಒಬ್ಬರಿಗೆ ಹೀಗೆ, ಇನ್ನೊಬ್ಬರಿಗೆ ಹಾಗೆ? ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಒಂದೊಂದು ವಸ್ತುವಿಗೆ ಒಂದೊಂದು ಉತ್ತರ ಇದೆ, ಎಲ್ಲಕ್ಕೂ ಸೇರಿಸಿ ಒಂದು ಉತ್ತರ ಇಲ್ಲ ಅನ್ನುವುದು ನನಗೆ ಅರ್ಥವಾದದ್ದು. ಕೆಲವು ಕಡೆ ಹುಟ್ಟಿನಿಂದ ಬಂದ ಜೀನೇ ಮುಕ್ಕಾಲು ಕಥೆ. ಕೆಲವು ಕಡೆ ಅದು ಹಿನ್ನೆಲೆಯಲ್ಲಿ ಎಲ್ಲೋ ಇರುತ್ತದೆ. ಇನ್ನು ಕೆಲವು ಕಡೆ ಜೀನಿನ ಹೆಸರಲ್ಲಿ ಬರೀ ವ್ಯಾಪಾರ ನಡೆಯುತ್ತಿದೆ.

ಸೊನೆಯಿಂದಲೇ ಶುರು ಮಾಡೋಣ. ಸೊನೆಯಲ್ಲಿ ಎರಡು ಕಾಟ ಇವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ತಾಗಿದ ತಕ್ಷಣ ಉರಿದು ಸುಟ್ಟ ಕಲೆ ಬೀಳುವುದು ಒಂದು. ಅದು ಜಾಸ್ತಿ ತಾಗಿದರೆ ಯಾರಿಗಾದರೂ ಆಗುತ್ತದೆ. ಒಂದೆರಡು ದಿನ ಬಿಟ್ಟು ಏಳುವ ತುರಿಕೆ, ಊತ, ನೀರುಗುಳ್ಳೆ ಇನ್ನೊಂದು. ಇದು ಅಲರ್ಜಿ. ಮೈಯ ರಕ್ಷಣಾ ವ್ಯವಸ್ಥೆ ಆ ವಸ್ತುವನ್ನು ಮೊದಲೇ ಒಮ್ಮೆ ನೋಡಿ ನೆನಪಿಟ್ಟುಕೊಂಡಿದ್ದರೆ ಮಾತ್ರ ಹೀಗಾಗುತ್ತದೆ. ಮಾವು, ಗೇರು, ಕರಿಗೇರು, ಕಾಡಿನ ಹೊಳಗೇರು ಎಲ್ಲ ಒಂದೇ ಕುಟುಂಬದ ಮರಗಳು. ಇವುಗಳ ಸೊನೆಯಲ್ಲಿ, ಸಿಪ್ಪೆಯ ಎಣ್ಣೆಯಲ್ಲಿ ಇರುವ ವಸ್ತುಗಳೂ ಒಂದಕ್ಕೊಂದು ನೆಂಟರು. ಅದಕ್ಕೇ ಗೇರುಬೀಜದ ಸಿಪ್ಪೆಯ ಎಣ್ಣೆಗೆ ಕೈ ಕೊಟ್ಟವರಿಗೆ ಮುಂದೆ ಮಾವಿನ ಸೊನೆಯೂ ಆಗದೆ ಹೋಗಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಕುತ್ತಿಗೆಯಲ್ಲಿ, ಸೊಂಟದಲ್ಲಿ ವಿಚಿತ್ರ ಗುಳ್ಳೆ ಏಳುತ್ತಿತ್ತು. ಹುಡುಕಿದರೆ ಅದು ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಮಸಿ. ಒಗೆದರೂ ಹೋಗದ ಆ ಗುರುತು ಚರ್ಮಕ್ಕೆ ತಾಗುತ್ತಿದ್ದ ಜಾಗದಲ್ಲೇ ಗುಳ್ಳೆ. ಅದೇ ಮಸಿಯ ಗುರುತಿದ್ದ ಬಟ್ಟೆ ಹಾಕಿಕೊಂಡು ಎಷ್ಟೋ ಜನ ಆರಾಮಾಗಿಯೂ ಇದ್ದರು.

ಇಂಥ ಅಲರ್ಜಿ ವಂಶದಲ್ಲಿ ಬರುತ್ತದೆಯಾ ಅಂತ ಮೊದಲು ಸರಿಯಾಗಿ ಪರೀಕ್ಷೆ ಮಾಡಿದವರಲ್ಲಿ ಅಮೆರಿಕದ ಮೆರಿಲ್ ಚೇಸ್ ಒಬ್ಬರು. 1941ರಲ್ಲಿ ಅವರು ಪ್ರಕಟಿಸಿದ ಕೆಲಸ ಗಿನಿಯಿಲಿಗಳ ಮೇಲೆ. ಸರಳ ರಾಸಾಯನಿಕಗಳನ್ನು ಚರ್ಮಕ್ಕೆ ಹಚ್ಚಿ, ಬೇಗ ಅಲರ್ಜಿಯಾಗುವ ಇಲಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿ, ಅಷ್ಟಾಗಿ ಆಗದವನ್ನು ಬೇರೆ ಕೂಡಿಸಿ ಮರಿ ಮಾಡಿಸಿದರು. ಮರಿಗಳೂ ತಂದೆತಾಯಿಯ ದಾರಿಯನ್ನೇ ಹಿಡಿದವು. ಸರಿ, ಹಾಗಾದರೆ ಎಲ್ಲ ವಂಶದ್ದೇ ಅನ್ನೋಣ ಅಂದರೆ ಅದೇ ಚೇಸ್ 1946ರಲ್ಲಿ ಇನ್ನೊಂದು ತೋರಿಸಿದರು. ಚರ್ಮಕ್ಕೆ ಹಚ್ಚುವ ಮೊದಲೇ ಆ ರಾಸಾಯನಿಕವನ್ನು ಇಲಿಗಳಿಗೆ ತಿನ್ನಿಸಿದ್ದರೆ, ಆಮೇಲೆ ಹಚ್ಚಿದರೂ ಅಲರ್ಜಿ ಅಷ್ಟಾಗಿ ಏಳುತ್ತಿರಲಿಲ್ಲ. ಅಂದರೆ ಹುಟ್ಟಿನಿಂದ ಬಂದದ್ದೂ ಲೆಕ್ಕಕ್ಕಿದೆ, ಬಾಯಿಗೆ ಮೊದಲು ಬಂತಾ ಕೈಗೆ ಮೊದಲು ಬಂತಾ ಅನ್ನುವುದೂ ಲೆಕ್ಕಕ್ಕಿದೆ. ದೊಡ್ಡಮ್ಮನ ಕೈ ಯಾವ ಕಾರಣಕ್ಕೆ ಗಟ್ಟಿ ಅಂತ ಅವಳ ಕೈ ನೋಡಿ ಹೇಳಲು ಬರುವುದಿಲ್ಲ. ಅವಳು ಮಾತ್ರ ಅದು ತನ್ನ ತವರಿನ ಗುಣ ಅನ್ನುತ್ತಾಳೆ. ಇರಲಿ.

ಇನ್ನು ಜೀನೇ ಮುಕ್ಕಾಲು ಕಥೆ ಆಗಿರುವ ಜಾಗಕ್ಕೆ ಬರುತ್ತೇನೆ. ನಾನು ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ.

ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಒಣಗಿದ್ದಕ್ಕೂ ಬೂಷ್ಟು ಬರುತ್ತದೆ. ಕಂಬಳಿ, ರೇಷ್ಮೆ ಸೀರೆ, ಮಡಿ ಬಟ್ಟೆ ಎಲ್ಲ ಟ್ರಂಕಿಗೆ ಹೋಗುತ್ತವೆ, ಮಡಿಕೆ ಮಡಿಕೆಗೂ ಒಂದೊಂದು ಡಾಂಬರು ಗುಳಿಗೆ. ದೊಡ್ಡ ಮಗುವಿನ ಅಂಗಿ, ಟೊಪ್ಪಿ, ಕುಂಚಿಗೆ ಕೂಡ ಮುಂದಿನ ಮಗುವಿಗೆ ಬೇಕಾಗುತ್ತದೆ ಅಂತ ಅದೇ ಟ್ರಂಕಿನಲ್ಲಿ. ಆಮೇಲೆ ಮನೆಗೆ ಬಾಳಂತಿ ಬಂದಾಗ ಟ್ರಂಕು ತೆಗೆಯುತ್ತಾರೆ. ವಾಸನೆ ಇಡೀ ಕೋಣೆಗೆ ಹೊಡೆಯುತ್ತದೆ. ಹೊರಗೆ ಮಳೆ, ಕಿಟಕಿ ಮುಚ್ಚಿದೆ, ಥಂಡಿ ಆಗಬಾರದಲ್ಲ. ಎಣ್ಣೆ ಹಚ್ಚಿ ಮೀಯಿಸಿದ ಕೂಸನ್ನು ಆ ಬಟ್ಟೆಯಲ್ಲೇ ಸುತ್ತುತ್ತಾರೆ.

ಆ ಗುಳಿಗೆ ನ್ಯಾಫ್ತಲೀನ್ ಆಗಿದ್ದರೆ, ಆ ಕೂಸಿಗೆ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇದ್ದರೆ, ಇದು ಸಣ್ಣ ವಿಷಯ ಅಲ್ಲ.

ಕೆಂಪು ರಕ್ತಕಣಕ್ಕೆ ಆಮ್ಲಜನಕ ಹೊರುವುದೇ ಕೆಲಸ. ಹೊರುವ ಕೆಲಸದಲ್ಲೇ ಅದಕ್ಕೆ ಒಳಗಿಂದ ಪೆಟ್ಟು ಬೀಳುತ್ತಿರುತ್ತದೆ, ಅದನ್ನು ಅದು ಗ್ಲುಟಥಿಯೋನ್ ಅನ್ನುವ ವಸ್ತುವಿನಿಂದ ತಡೆದುಕೊಳ್ಳುತ್ತದೆ. ಆ ಗ್ಲುಟಥಿಯೋನ್ ಮತ್ತೆ ಮತ್ತೆ ಕೆಲಸಕ್ಕೆ ಬರಬೇಕಾದರೆ ಒಂದು ದಾರಿ ಬೇಕು. ಬೇರೆ ಜೀವಕೋಶಗಳಿಗೆ ಅಂಥ ದಾರಿ ಒಂದಕ್ಕಿಂತ ಹೆಚ್ಚಿವೆ. ಕೆಂಪು ಕಣಕ್ಕೆ ಇರುವುದು ಒಂದೇ, ಆ ದಾರಿಯ ಬಾಗಿಲಲ್ಲೇ ಜಿ6ಪಿಡಿ ನಿಂತಿದೆ. ನ್ಯಾಫ್ತಲೀನ್ ಮೈಯೊಳಗೆ ಹೋಗಿ ಮಾರ್ಪಾಟಾದಾಗ ಹುಟ್ಟುವ ವಸ್ತುಗಳು ರಕ್ತಕಣಕ್ಕೆ ಜೋರು ಪೆಟ್ಟು ಕೊಡುತ್ತವೆ. ಕಿಣ್ವ ಸರಿ ಇದ್ದವರು ಸಣ್ಣ ಪ್ರಮಾಣವನ್ನು ತಡೆದುಕೊಳ್ಳುತ್ತಾರೆ. ಇಲ್ಲದವರ ಕಣಗಳು ಒಡೆಯುತ್ತವೆ. ಮೈ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನವಜಾತ ಶಿಶುವಿನ ಯಕೃತ್ತು ಇನ್ನೂ ಎಳೆಯದು, ಒಡೆದ ಕಣಗಳಿಂದ ಬಂದ ಹಳದಿ ಬಣ್ಣದ ಬಿಲಿರುಬಿನ್ ಅನ್ನು ಬೇಗಬೇಗ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಅದು ತುಂಬ ಏರಿದರೆ ಮೆದುಳಿಗೇ ಹೋಗಿ ಕೂರುತ್ತದೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತು ಬೇರೆ, ಎಣ್ಣೆ ಹಚ್ಚಿದ ಚರ್ಮದ ಮೂಲಕ ಒಳಗೆ ಹೋಗುವುದು ಅದಕ್ಕೆ ಸುಲಭ.

ಹುಟ್ಟಿದ ಕೂಸಿಗೆ ಸ್ವಲ್ಪ ಕಾಮಾಲೆ ಇದ್ದೇ ಇರುತ್ತದೆ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಅನ್ನುವ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮೊದಲನೇ ದಿನವೇ ಹಳದಿಯಾದರೆ, ಅಥವಾ ದಿನದಿಂದ ದಿನಕ್ಕೆ ಅಂಗಾಲಿನವರೆಗೆ ಇಳಿಯುತ್ತಾ ಹೋದರೆ ಬಿಸಿಲಿಗೆ ಕಾಯುತ್ತ ಕೂರಬಾರದು. ಜುಲೈನಲ್ಲಿ ಶಿರಸಿಯಲ್ಲಿ ಬಿಸಿಲಾದರೂ ಎಲ್ಲಿದೆ?

ಈ ಕೊರತೆ ಅಪರೂಪದ್ದೂ ಅಲ್ಲ. ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಇದೆ. ಬಹುತೇಕರು ಅದರ ಹೆಸರೂ ಕೇಳದೆ ಬದುಕಿ ಮುಗಿಸುತ್ತಾರೆ, ಯಾಕೆಂದರೆ ಪ್ರಚೋದನೆ ಇಲ್ಲದೆ ಅದು ತಲೆ ಎತ್ತುವುದಿಲ್ಲ. ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಅದು ಕೆಟ್ಟರೆ ಬದಲಿ ಇಲ್ಲ. ಹೆಣ್ಣಿಗೆ ಎರಡು. ಆದರೆ ಪ್ರತಿ ಜೀವಕೋಶದಲ್ಲೂ ಎರಡರಲ್ಲಿ ಒಂದು ಸುಮ್ನೆ ಕೂರುತ್ತದೆ, ಯಾವುದು ಕೂರುತ್ತದೆ ಅನ್ನುವುದು ಅದೃಷ್ಟ. ಹಾಗಾಗಿ ಒಬ್ಬಳೇ ಹೆಂಗಸಿನ ರಕ್ತದಲ್ಲಿ ಗಟ್ಟಿ ಕಣವೂ ಇರುತ್ತದೆ, ಸೋಲುವ ಕಣವೂ ಇರುತ್ತದೆ. ಅಮ್ಮನಿಗೆ ಏನೂ ಆಗದೆ ಮಗನಿಗೆ ಆಗುವುದು ಹೀಗೆ. "ಯಂಗೆಂತೂ ಆಜಿಲ್ಲೆ" ಅನ್ನುವ ಸಾಕ್ಷಿ ಇಲ್ಲಿ ನಡೆಯುವುದೇ ಇಲ್ಲ.

ಇದು ಪತ್ತೆಯಾದದ್ದು ಗುಳಿಗೆಯಿಂದಲೇ, ಆದರೆ ಮಲೇರಿಯಾ ಗುಳಿಗೆಯಿಂದ. ಪ್ರೈಮಾಕ್ವಿನ್ ನುಂಗಿದ ಕೆಲವರ ರಕ್ತ ಮಾತ್ರ ಯಾಕೆ ಒಡೆಯುತ್ತದೆ ಅಂತ ಅಮೆರಿಕದಲ್ಲಿ ವರ್ಷಗಟ್ಟಲೆ ಹುಡುಕಿ, 1956ರಲ್ಲಿ ಈ ಕಿಣ್ವದ ಕೊರತೆ ಅಂತ ಕಂಡುಕೊಂಡರು. ನಮ್ಮ ಕರಾವಳಿಗೆ ಮಲೇರಿಯಾ ಹೊಸದಲ್ಲ. ವೈವ್ಯಾಕ್ಸ್ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳು ಬಿಟ್ಟು ಮತ್ತೆ ಏಳುತ್ತದೆ, ಅದನ್ನು ಬೇರು ಸಮೇತ ಕೀಳಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ತಮಾಷೆ ಅಂದರೆ ಈ ಕೊರತೆ ಇಷ್ಟು ಜನರಲ್ಲಿ ಉಳಿದು ಬಂದದ್ದಕ್ಕೂ ಮಲೇರಿಯಾವೇ ಕಾರಣ. ಇಂಥ ರಕ್ತಕಣದಲ್ಲಿ ಮಲೇರಿಯಾದ ಪರಾವಲಂಬಿಗೆ ಚೆನ್ನಾಗಿ ಬೆಳೆಯಲು ಆಗುವುದಿಲ್ಲ. ಜ್ವರದ ನಾಡಿನಲ್ಲಿ ಅಜ್ಜನನ್ನು ಉಳಿಸಿದ್ದು ಮೊಮ್ಮಗನಿಗೆ ಡಾಂಬರು ಗುಳಿಗೆಯ ಎದುರು ಕೈಕೊಡುತ್ತದೆ. ಭಾರತದಲ್ಲಿ ಇದರ ಪ್ರಮಾಣ ಒಂದೊಂದು ಸಮುದಾಯಕ್ಕೆ ಒಂದೊಂದು. ಇಲ್ಲಿ ಕಾಣುವ ಬಗೆಗಳಲ್ಲಿ ಎರಡಕ್ಕೆ ಕೇರಳ-ಕಲ್ಯಾಣ್, ಒರಿಸ್ಸಾ ಅಂತ ನಮ್ಮ ಊರುಗಳದೇ ಹೆಸರು.

ಪರೀಕ್ಷೆ ಸುಲಭದ್ದು, ಒಂದು ರಕ್ತದ ಪರೀಕ್ಷೆ. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ. ಕಣ ಒಡೆಯುವ ಹೊತ್ತಿನಲ್ಲೇ ಪರೀಕ್ಷೆ ಮಾಡಿದರೆ, ಕಿಣ್ವ ಕಡಿಮೆ ಇದ್ದ ಹಳೇ ಕಣಗಳೆಲ್ಲ ಆಗಲೇ ಒಡೆದುಹೋಗಿ, ಉಳಿದ ಎಳೇ ಕಣಗಳಲ್ಲಿ ಕಿಣ್ವ ಸರಿಯಾಗಿಯೇ ಕಾಣಬಹುದು. ಅದಕ್ಕೇ ಡಾಕ್ಟರು ಕೆಲವು ವಾರ ಬಿಟ್ಟು ಮತ್ತೆ ಬನ್ನಿ ಅಂದರೆ ದುಡ್ಡು ಮಾಡಲು ಅಂದುಕೊಳ್ಳಬೇಡಿ. ಮಗು ಇರುವ ಮನೆಯಲ್ಲಿ ಈ ಗುಳಿಗೆಯೇ ಬೇಡ ಅನ್ನುವುದು ನನ್ನ ಮಾತು. ಕಿಣ್ವ ಸರಿ ಇದ್ದರೂ ಮಿಠಾಯಿ ಅಂತ ಬಾಯಿಗೆ ಹಾಕಿಕೊಂಡರೆ ಯಾವ ಮಗುವಿಗಾದರೂ ಅಪಾಯ.

ವಾಸನೆಯ ವಿಷಯ ಬೇರೆಯೇ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಯಾರೋ ಸೆಂಟು ಹೊಡೆದುಕೊಂಡು ಬಂದರೆ ಅರ್ಧ ಬಸ್ಸು ಆಹಾ ಅನ್ನುತ್ತದೆ, ಇನ್ನರ್ಧ ಕಿಟಕಿಗೆ ತಲೆ ಹಾಕುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ, ಒಂದೊಂದಕ್ಕೂ ಒಂದೊಂದು ಜೀನು. ಯಾವ ಇಬ್ಬರ ಮೂಗೂ ಪೂರ್ತಿ ಒಂದೇ ತರ ಇರುವುದಿಲ್ಲ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ವಾಸನೆ ಹೊಡೆಯುವುದಕ್ಕೂ ಇಂಥ ಒಂದು ಜೀನಿಗೂ ಸಂಬಂಧ ಇದೆ ಅಂತ 2012ರಲ್ಲಿ ಬಂತು. ಅದು ಹೌದು, ಆದರೆ ಆ ಜೀನು ವಿವರಿಸುವ ಪಾಲು ತೀರಾ ಸಣ್ಣದು ಅಂತಲೂ ಅದೇ ಅಧ್ಯಯನದಲ್ಲಿತ್ತು, ಅದನ್ನು ಯಾರೂ ಹಂಚಿಕೊಳ್ಳಲಿಲ್ಲ. ರುಚಿಯ ಕಥೆ ಇನ್ನೂ ಹಳೇದು. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನಶಾಸ್ತ್ರಜ್ಞ ಪಿಟಿಸಿ ಅನ್ನುವ ಪುಡಿಯನ್ನು ಬಾಟಲಿಗೆ ಹಾಕುವಾಗ ಅದು ಗಾಳಿಯಲ್ಲಿ ಹಾರಿತು. ಪಕ್ಕದಲ್ಲಿದ್ದವರು ಕಹಿ ಕಹಿ ಅಂದರು, ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಅದರ ಜೀನು ಸಿಕ್ಕಿದ್ದು 2003ರಲ್ಲಿ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರಲ್ಲಿ ಕೆಲವರಾದರೂ ಆ ಪಿಟಿಸಿ ಕಾಗದದ ಚೂರನ್ನು ನಾಲಿಗೆ ಮೇಲೆ ಇಟ್ಟುಕೊಂಡಿರಬಹುದು. ಈ ಕಥೆ ನಮ್ಮ ಭಾವನ ಕಿವಿಗೆ ಬಿದ್ದ ಮೇಲೆ ಅವರು ಹಾಗಲಕಾಯಿ ಮುಟ್ಟುವುದಿಲ್ಲ, "ನಂದು ಜೀನಿನ ತೊಂದರೆ" ಅನ್ನುತ್ತಾರೆ. ಆ ಜೀನಿಗೆ ಎಲೆಕೋಸಿನ ಕಹಿಯ ಜೊತೆ ನೆಂಟಸ್ತಿಕೆ ಜಾಸ್ತಿ, ಹಾಗಲದ ಜೊತೆ ಅಲ್ಲ. ಎಲೆಕೋಸಿನ ಪಲ್ಯವನ್ನು ಭಾವ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ವಾಸನೆ ಆಗುವುದಿಲ್ಲ ಅನ್ನುವುದು ಬೇರೆ, ವಸ್ತು ಮೈಗೆ ವಿಷವಾಗುತ್ತದೆ ಅನ್ನುವುದು ಬೇರೆ. ಇದನ್ನು ಬಿಡಿಸಿಕೊಳ್ಳದೆ ಇದ್ದರೆ ಮುಂದೆ ಎಲ್ಲ ಗೋಜಲು.

ಚರ್ಮದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಚರ್ಮದ ಹೊರಪದರದಲ್ಲಿ ಫಿಲಾಗ್ರಿನ್ ಅನ್ನುವ ಪ್ರೋಟೀನು ಇದೆ. ಕಲ್ಲಿನ ಗೋಡೆಗೆ ಗಾರೆ ಹೇಗೋ ಅದು ಹಾಗೆ. ಅದರ ಜೀನಿನಲ್ಲಿ ದೋಷ ಇದ್ದರೆ ಗಾರೆ ಉದುರಿದ ಸಂದಿಯಲ್ಲಿ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಸೋಪು ಒಳಗೆ ಬರುತ್ತದೆ. ಇಸುಬಿಗೂ ಇದಕ್ಕೂ ಇರುವ ನಂಟು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ತಂಡದಿಂದ ಹೊರಬಂತು. ಪಾತ್ರೆ ತೊಳೆದರೆ ಕೈ ಬಿರಿಯುವವರ ಅಂಗೈ ಗೆರೆಗಳನ್ನು ಒಮ್ಮೆ ನೋಡಿ. ಈ ದೋಷ ಇರುವವರಲ್ಲಿ ಗೆರೆ ಸಾಮಾನ್ಯಕ್ಕಿಂತ ಜಾಸ್ತಿ, ಆಳವಾಗಿ ಇರುತ್ತವೆ. ನಮ್ಮ ಅತ್ತಿಗೆಯ ಅಂಗೈ ಹಾಗೇ ಇದೆ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಆ ಗೆರೆಗಳಲ್ಲಿ ಇಳಿದು ಕಪ್ಪಾಗಿ, ಕೈ ಬಿಚ್ಚಿದರೆ ನಕ್ಷೆ ಬರೆದಿಟ್ಟದ್ದು ಕಾಣುತ್ತದೆ. ಅವಳ ಅಮ್ಮನದ್ದೂ ಹಾಗೇ ಇತ್ತಂತೆ. ನಕಲಿ ಓಲೆಯ ನಿಕ್ಕೆಲ್‌ಗೆ ಕಿವಿ ಕೀವಾಗುವುದರಲ್ಲಿ ಮಾತ್ರ ಜೀನಿನ ಪಾಲು ಕಡಿಮೆ. ಅವಳಿಗಳ ಅಧ್ಯಯನಗಳಲ್ಲಿ ಕಂಡದ್ದು, ಎಷ್ಟು ಸಲ, ಎಷ್ಟು ಹೊತ್ತು ತಾಗಿತು ಅನ್ನುವುದೇ ಮುಖ್ಯ ಅಂತ.

ತೋಟದ ಮದ್ದಿನ ವಿಷಯ ಬಂದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣದ ಬಗ್ಗೆ ಮಾತಾಡುತ್ತಿಲ್ಲ ನಾನು, ಅದು ತಾಮ್ರ, ಅದರ ದಾರಿ ಬೇರೆ. ಬೇರುಹುಳಕ್ಕೆ, ಗೆದ್ದಲಿಗೆ ಬುಡಕ್ಕೆ ಹಾಕುತ್ತಿದ್ದ ಕ್ಲೋರೋಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳ ಮಾತು. ಇವು ನರಗಳ ನಡುವೆ ಸಂದೇಶ ಮುಗಿದ ಮೇಲೆ ಅದನ್ನು ಅಳಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಆಮೇಲೆ ಉಸಿರಿಗೆ ತೊಂದರೆ. ಇಂಥ ವಿಷವನ್ನು ರಕ್ತದಲ್ಲೇ ಒಡೆಯುವ ಪಿಒಎನ್1 ಅನ್ನುವ ಕಿಣ್ವ ನಮ್ಮಲ್ಲಿದೆ, ಅದರ ಪ್ರಮಾಣ ಒಬ್ಬರಿಂದ ಒಬ್ಬರಿಗೆ ತುಂಬಾ ಬೇರೆ. ಅದನ್ನು ತೆಗೆದುಹಾಕಿದ ಇಲಿಗಳು ಸ್ವಲ್ಪ ಕ್ಲೋರೋಪೈರಿಫಾಸ್‌ಗೇ ಸೋಲುತ್ತವೆ ಅಂತ 1998ರಲ್ಲಿ ತೋರಿಸಿದ್ದಾರೆ. ಹುಟ್ಟಿದ ಮಕ್ಕಳಲ್ಲಿ ಈ ಕಿಣ್ವ ದೊಡ್ಡವರಿಗಿಂತ ಬಹಳ ಕಡಿಮೆ. 1991ರ ಕೊಲ್ಲಿ ಯುದ್ಧದಿಂದ ಬಂದ ಸೈನಿಕರ ಕಾಯಿಲೆಯಲ್ಲೂ, ಅಲ್ಲಿನ ಸ್ವಲ್ಪ ಪ್ರಮಾಣದ ಸರಿನ್ ಅನ್ನುವ ಇದೇ ಜಾತಿಯ ವಿಷಾನಿಲ ಮತ್ತು ಈ ಜೀನಿನ ಒಂದು ಬಗೆ ಸೇರಿದರೆ ಅಪಾಯ ಹೆಚ್ಚು ಅಂತ ರಾಬರ್ಟ್ ಹೇಲಿ ಅವರ ತಂಡ 2022ರಲ್ಲಿ ಬರೆಯಿತು.

ಇದನ್ನೆಲ್ಲ ಓದಿದ ಮೇಲೆ ತೋಟದ ಯಜಮಾನರು "ಅವಂಗೆ ಮೈಗಾಗ್ತಿಲ್ಲೆ, ಮದ್ದಿಂದೆಂತೂ ತಪ್ಪಿಲ್ಲೆ" ಅಂತ ಕೆಲಸದವನ ಮೇಲೆ ಹಾಕಿಬಿಡುವುದೇ ನನ್ನ ಸಿಟ್ಟಿಗೆ ಕಾರಣ. ಬರಿಗೈಯಲ್ಲಿ ಕಲಸಿ, ಅದೇ ಅಂಗಿಯಲ್ಲಿ ಸಂಜೆವರೆಗೆ ಇದ್ದರೆ ಯಾವ ಜೀನೂ ಕಾಯುವುದಿಲ್ಲ. ಪಿಒಎನ್1 ಚೆನ್ನಾಗಿದ್ದವನೂ ಸಾಯುತ್ತಾನೆ. ಕೈಗವಸು, ಬದಲಿ ಬಟ್ಟೆ, ಸೋಪು ನೀರು ಕೊಡಲಾಗದವರು ಕೆಲಸದವನ ವಂಶದ ಬಗ್ಗೆ ಮಾತಾಡಬಾರದು.

ಈ ಮದ್ದುಗಳು ರಕ್ತದಲ್ಲಿರುವ ಇನ್ನೊಂದು ಕಿಣ್ವವನ್ನೂ ಕಟ್ಟಿಹಾಕುತ್ತವೆ, ಬ್ಯೂಟಿರಿಲ್ ಕೋಲಿನೆಸ್ಟರೇಸ್. ವಿಷ ಕುಡಿದವರು ಬಂದಾಗ ಆಸ್ಪತ್ರೆಯಲ್ಲಿ ಅಳೆಯುವುದು ಸಾಮಾನ್ಯವಾಗಿ ಇದನ್ನೇ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುವುದಿಲ್ಲ. ದಿನನಿತ್ಯ ಗೊತ್ತೂ ಆಗುವುದಿಲ್ಲ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಸಕ್ಸಮಿಥೋನಿಯಂ ಅನ್ನುವ ಚುಚ್ಚುಮದ್ದು ಕೊಟ್ಟರೆ ಮಾತ್ರ ಗೊತ್ತಾಗುತ್ತದೆ. ಬೇರೆಯವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುವ ಅದರ ಪರಿಣಾಮ ಇವರಲ್ಲಿ ಗಂಟೆಗಟ್ಟಲೆ ಇರುತ್ತದೆ, ಅಲ್ಲಿವರೆಗೆ ಯಂತ್ರದಿಂದ ಉಸಿರಾಡಿಸಬೇಕು. ಕೆನಡಾದ ವರ್ನರ್ ಕ್ಯಾಲೋ 1950ರ ದಶಕದಲ್ಲಿ ಇದು ವಂಶದಲ್ಲಿ ಬರುತ್ತದೆ ಅಂತ ತೋರಿಸಿದರು. ನಮ್ಮ ದೇಶದಲ್ಲಿ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಮೊದಲೇ ಗೊತ್ತಿದ್ದರೆ ಡಾಕ್ಟರು ಬೇರೆ ಔಷಧಿ ಬಳಸುತ್ತಾರೆ, ಮುಗಿಯಿತು. ಗೊತ್ತಿರುವುದಕ್ಕೆ ಇಷ್ಟು ಬೆಲೆ ಇರುವ ಜೀನು ಕಡಿಮೆ.

ಈಗ ಕಷ್ಟದ ಭಾಗ. ಕಾರವಾರದಲ್ಲಿ ನನಗೊಬ್ಬ ಗೆಳತಿ ಇದ್ದಾಳೆ. ಅವಳಿಗೆ ಒಂದು ವಸ್ತು ಅಂತಲ್ಲ, ಎಲ್ಲವೂ. ಫಿನಾಯಿಲ್, ರೂಮ್ ಫ್ರೆಶ್ನರ್, ಹೊಸ ಪ್ಲೈವುಡ್ಡು, ಜೆರಾಕ್ಸ್ ಅಂಗಡಿ, ಬಂದರಿನ ಕಡೆ ಹೋದರೆ ದೋಣಿಯ ಡೀಸೆಲ್. ತಲೆ ಭಾರ, ಎದೆ ಬಡಿತ, ಏನೂ ನೆನಪಿರುವುದಿಲ್ಲ ಅನ್ನುತ್ತಾಳೆ. ಇಂಥ ಸ್ಥಿತಿಗೆ ಬಹುರಾಸಾಯನಿಕ ಸಂವೇದನೆ ಅಂತ ಅಮೆರಿಕದ ಮಾರ್ಕ್ ಕಲೆನ್ 1987ರಲ್ಲಿ ಒಂದು ವ್ಯಾಖ್ಯೆ ಕೊಟ್ಟರು. 2004ರಲ್ಲಿ ಟೊರೊಂಟೊದ ಒಂದು ಅಧ್ಯಯನ ಇಂಥ ಹೆಂಗಸರಲ್ಲಿ ಔಷಧಿ, ರಾಸಾಯನಿಕಗಳನ್ನು ಪಚಾಯಿಸುವ ಎರಡು ಜೀನುಗಳ ಕೆಲವು ಬಗೆ ಜಾಸ್ತಿ ಅಂದಿತು. ತುಂಬಾ ಜನ ನಿಟ್ಟುಸಿರು ಬಿಟ್ಟರು, ಕೊನೆಗೂ ಸಾಕ್ಷಿ ಸಿಕ್ಕಿತು ಅಂತ. ಆಮೇಲೆ ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ನೋಡಿದರೆ ಅದು ಮತ್ತೆ ಕಾಣಲಿಲ್ಲ. ಇನ್ನೊಂದು ಕಡೆ, ಯಾವುದು ರಾಸಾಯನಿಕ ಯಾವುದು ಬರೀ ಗಾಳಿ ಅಂತ ತಿಳಿಯದ ಹಾಗೆ ವಾಸನೆ ಮುಚ್ಚಿ ಕೊಟ್ಟಾಗ ಇಂಥವರಿಗೆ ವ್ಯತ್ಯಾಸ ಹಿಡಿಯಲು ಆಗುತ್ತಿಲ್ಲ ಅಂತ 2006ರ ಒಂದು ವಿಮರ್ಶೆಯಲ್ಲಿ ಬಂತು.

ಇದನ್ನು ಓದಿ "ನೋಡು, ಎಲ್ಲ ಮನಸ್ಸಿಂದು" ಅನ್ನುವವರು ಬೇಗ ಕೈ ತೊಳೆದುಕೊಳ್ಳುತ್ತಾರೆ. ಗೆಳತಿಯ ಎದೆ ಬಡಿತ ಸುಳ್ಳಲ್ಲ, ನಾಡಿ ಹಿಡಿದು ನೋಡಿದ್ದೇನೆ. ಒಂದು ವಾಸನೆಯಿಂದ ಒಮ್ಮೆ ಹೈರಾಣಾದ ಮೆದುಳು ಮುಂದೆ ಅದೇ ವಾಸನೆಗೆ ಮೊದಲೇ ಗಂಟೆ ಬಾರಿಸುತ್ತದೆ. ಅದು ನಾಟಕ ಅಲ್ಲ, ಮೈಯ ಕೆಲಸವೇ. ಅವಳಿಗೆ ಮೈಗ್ರೇನ್ ಕೂಡ ಇದೆ. ಮೈಗ್ರೇನ್, ಅಸ್ತಮಾ ಇರುವವರಿಗೆ ಗಾಢ ವಾಸನೆ, ಹೊಗೆ ತೊಂದರೆ ಕೊಡುತ್ತವೆ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಆದರೆ ಅವಳು ದುಡ್ಡು ಕೊಟ್ಟು ತರಿಸಿಕೊಂಡ ಜೀನ್ ರಿಪೋರ್ಟ್ ನೋಡಿ ನನಗೆ ಬೇಜಾರಾಯಿತು. ಬಣ್ಣಬಣ್ಣದ ಹಾಳೆಗಳು. "ನಿಮ್ಮ ವಿಷ ಹೊರಹಾಕುವ ಶಕ್ತಿ ದುರ್ಬಲ" ಅಂತ ಕೆಂಪಕ್ಷರ. ಕಾರಣ ಏನಪ್ಪಾ ಅಂದರೆ ಜಿಎಸ್‌ಟಿಎಂ1 ಅನ್ನುವ ಜೀನು ಅವಳಲ್ಲಿ ಇಲ್ಲ. ಯುರೋಪಿನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆ ಜೀನು ಪೂರ್ತಿಯಾಗಿ ಇಲ್ಲ. ನಮ್ಮಲ್ಲೂ ಕೋಟಿಗಟ್ಟಲೆ ಜನಕ್ಕೆ ಇಲ್ಲ. ಅವರೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ತಲೆ ತಿರುಗಿ ಬೀಳುತ್ತಿಲ್ಲ. ರಿಪೋರ್ಟಿನ ಕೊನೇ ಪುಟದಲ್ಲಿ ಎಂಟಿಎಚ್‌ಎಫ್‌ಆರ್ ಜೀನಿನ ಹೆಸರು ಹೇಳಿ ವಿಟಮಿನ್ ಪುಡಿಯ ಜಾಹೀರಾತು ಬೇರೆ. ಆ ಜೀನಿನ ಪರೀಕ್ಷೆಯನ್ನು ಸುಮ್ನೆ ಮಾಡಿಸಬೇಡಿ ಅಂತ ಅಮೆರಿಕದ ತಳಿವೈದ್ಯರ ಸಂಸ್ಥೆ 2013ರಲ್ಲೇ ಹೇಳಿ ಆಗಿದೆ. ಗೆಳತಿಗೆ ನಿಜವಾಗಿ ಹಗುರವಾಗಿದ್ದು ಮನೆಯಿಂದ ರೂಮ್ ಫ್ರೆಶ್ನರ್ ಹೊರಹಾಕಿ, ಕಿಟಕಿ ತೆಗೆದು, ಮೈಗ್ರೇನ್‌ಗೆ ಸರಿಯಾದ ಮಾತ್ರೆ ಶುರು ಮಾಡಿದ ಮೇಲೆ. ಅದಕ್ಕೆ ಯಾರ ಜೀನನ್ನೂ ಓದಬೇಕಾಗಿರಲಿಲ್ಲ.

ಹಾಗೆ ನೋಡಿದರೆ ಜೀನಿನ ಮಾತು ಒಂದೇ ಇದ್ದಾಗಲೂ ಬದುಕು ಅದನ್ನು ಅಲ್ಲಾಡಿಸುತ್ತದೆ. ಸಂಜೆ ಕಾಫಿ ಕುಡಿದರೆ ನಿದ್ರೆ ಬರುವುದಿಲ್ಲ ಅನ್ನುವವರನ್ನೇ ನೋಡಿ. ಕೆಫೀನನ್ನು ಕರಗಿಸುವ ಸಿವೈಪಿ1ಎ2 ಕಿಣ್ವ ಹುಟ್ಟಿನಿಂದಲೇ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಅದೇ ಮನುಷ್ಯ ಸಿಗರೇಟು ಸೇದಿದರೆ ಅದು ಚುರುಕಾಗುತ್ತದೆ. ಅದೇ ಹೆಂಗಸು ಬಸುರಿಯಾದರೆ ಅದು ಬಹಳ ನಿಧಾನವಾಗುತ್ತದೆ. ಬಸುರಿಗೆ ಕಾಫಿ ವಾಸನೆಯೂ ಬೇಡವಾದರೆ, ರಾತ್ರಿಯಿಡೀ ಹೊರಳಾಡಿದರೆ ನಖರಾ ಅನ್ನಬೇಡಿ. ಒಂದು ಲೋಟ ಕಷಾಯ ಮಾಡಿಕೊಡಿ.

ದುಡ್ಡಿಲ್ಲದೆ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳುವುದು. ಯಾರ ಕೂಸು ಹುಟ್ಟಿದ ಮರುದಿನವೇ ಹಳದಿಯಾಗಿತ್ತು, ಮಲೇರಿಯಾ ಗುಳಿಗೆ ತಿಂದು ಯಾರಿಗೆ ಮೂತ್ರ ಕೆಂಪಾಗಿತ್ತು, ಆಪರೇಷನ್ ಆದ ಮೇಲೆ ಯಾರಿಗೆ ಉಸಿರು ಬರಲು ತಡವಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಿಸಿದ್ದರು, ಹಾಗಾದವರ ತಾಯಿಯ ಅಣ್ಣತಮ್ಮಂದಿರಲ್ಲಿ ಬೇರೆ ಯಾರಿಗಾದರೂ ಹಾಗಾಗಿತ್ತಾ. ಅಮ್ಮನ ಕಡೆಯ ಗಂಡಸರ ಬಗ್ಗೆ ಒಂದು ಸಲ ಜಾಸ್ತಿ ಕೇಳಿ, ಎಕ್ಸ್ ವರ್ಣತಂತುವಿನ ಕಥೆ ಅಲ್ಲೇ ಸಿಗುವುದು. ಸಿಕ್ಕಿದ್ದನ್ನು ಬರೆದು ತಾಯಿ ಕಾರ್ಡಿನ ಜೊತೆ ಇಟ್ಟುಕೊಂಡರೆ, ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ತೋರಿಸಬಹುದು. ದೊಡ್ಡಾಸ್ಪತ್ರೆಗೆ ಜಿಲ್ಲೆ ದಾಟಿ ಹೋಗುವ ನಮ್ಮಂಥವರಿಗೆ, ಆಂಬುಲೆನ್ಸಿನಲ್ಲಿ ನೆನಪು ಮಾಡಿಕೊಳ್ಳುತ್ತ ಕೂರುವುದಕ್ಕಿಂತ ಇದು ವಾಸಿ.

ನಮ್ಮ ಮನೆಯ ಹಾಳೆ ಈಗ ಎರಡು ಪುಟ ಆಗಿದೆ. ಅದರಲ್ಲಿ ತನ್ನ ಹಾಗಲಕಾಯಿಯನ್ನೂ ಸೇರಿಸು ಅಂತ ಭಾವ ಗಂಟು ಬಿದ್ದಿದ್ದಾರೆ. ಸೇರಿಸಿಲ್ಲ.